ಯಕೃತ್ತಿನ ಬಲಭಾಗ

ಬರ್ಕ್ಲಿ
ಭಾನುವಾರ, ೯ ಫೆಬ್ರವರಿ ೨೦೨೫

ಪ್ರಿಯ ಭಾವನಾಳಿಗೆ,

ಹಿರಿಯಳಾದವಳು ಆಶೀರ್ವಾದದಿಂದ ಶುರುಮಾಡಬೇಕು. ಮಾಡಿದ್ದೇನೆ ಎಂದು ತಿಳಿದುಕೋ. ಕ್ಷೇಮದ ಸಾಲನ್ನು ಬಿಟ್ಟಿದ್ದೇನೆ. ಮೊನ್ನೆ ಮತ್ತೆ ಹೊಟ್ಟೆಗೆ ಸೂಜಿ ಚುಚ್ಚಿ ನೀರು ತೆಗೆದರು. ಬಾಟಲಿ ತುಂಬುವುದನ್ನು ನೋಡುತ್ತಾ ಮಲಗಿದ್ದೆ. ನಿಂಬೆ ಪಾನಕದ ಬಣ್ಣವಿತ್ತು. ನನ್ನದು ಅನ್ನಿಸಲಿಲ್ಲ.

ಗುರುವಾರ ಬೆಳಿಗ್ಗೆ ಆಪರೇಷನ್. ನಿನ್ನ ಅಣ್ಣನ ಲಿವರಿನ ಬಲಭಾಗವನ್ನು ತೆಗೆದು, ನನ್ನ ಕೆಟ್ಟ ಲಿವರನ್ನು ಪೂರ್ತಿ ಕಿತ್ತು, ಆ ಜಾಗದಲ್ಲಿ ಇಡುತ್ತಾರೆ. ಇಡದಿದ್ದರೆ ಈ ವರ್ಷ ದಾಟುವುದು ಅನುಮಾನ ಎಂದು ಡಾಕ್ಟರು ನೇರವಾಗಿ ಹೇಳಿದ್ದಾರೆ. ಸತ್ತವರ ಲಿವರಿಗಾಗಿ ಕಾಯುವವರ ಸಾಲು ಇಲ್ಲಿ ಉದ್ದ. ನನಗಿಂತ ಮುಂದೆ ನಿಂತವರು ನನಗಿಂತ ಹೆಚ್ಚು ಹಳದಿಯಾಗಿದ್ದಾರೆ. ಇದೆಲ್ಲ ನಿನಗೆ ಗೊತ್ತು. ಬರೆಯುತ್ತಿರುವುದು ಬೇರೆ ಕಾರಣಕ್ಕೆ.

ಹೋದ ವಾರ ನೀನು ವಾಲ್ನಟ್ ಕ್ರೀಕಿನಿಂದ ಉಪ್ಪಿಲ್ಲದ ಸಾರು ಮಾಡಿಕೊಂಡು ಬಂದಿದ್ದೆ. ಮಗಳು ನಿಹಾರಿಕಾ ಸ್ನಾನಕ್ಕೆ ಹೋದ ಮೇಲೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಹೇಳಿದೆ: “ಅತ್ತಿಗೆ, ಅಣ್ಣ ಮನೆಗೆಲ್ಲ ಪೇಂಟ್ ಮಾಡಿಸ್ತಿದಾನೆ. ಡಿಸ್ಚಾರ್ಜ್ ಆದ್ಮೇಲೆ ಮಗಳ ಅಪಾರ್ಟ್‌ಮೆಂಟು ಅಂತೆಲ್ಲ ಬೇಡ, ಸೀದಾ ಸ್ಯಾನ್ ಮಟಿಯೋಗೇ ಬಂದ್ಬಿಡಿ. ಆ ಡೈವೋರ್ಸ್ ಪೇಪರೂ ವಾಪಸ್ ತಗೊಳ್ಳಿ. ಅವನು ಬಾಯ್ಬಿಟ್ಟು ಕಂಡೀಷನ್ ಅಂತ ಹೇಳಿಲ್ಲ, ಆದ್ರೆ ನಾನು ಅವನ ತಂಗಿ, ನಂಗೆ ಗೊತ್ತಾಗತ್ತೆ. ಅವನದನ್ನ ಹೊಟ್ಟೇಲಿ ಇಟ್ಕೊಂಡು ನೀವು ಬೇರೆ ಮನೇಲಿದ್ರೆ ನೋಡೋರಿಗಾದ್ರೂ ಹೇಗಿರತ್ತೆ?”

ನಾನು ಹೂಂ ಅಂದೆ. ಬಾಯಿಯಲ್ಲಿ ಸಾರಿತ್ತು. ನೀನು ಸ್ಟೇಷನ್ನಿನಿಂದಲೇ ನಿನ್ನ ಅಣ್ಣನಿಗೆ ಫೋನು ಮಾಡಿ, ಅತ್ತಿಗೆ ಒಪ್ಪಿದರು ಎಂದೆಯಂತೆ. ಆ ಹೂಂ ಬಗ್ಗೆ ಈ ಪತ್ರ.

ನಿನ್ನ ಮದುವೆಯ ವರ್ಷ ನೆನಪು ಮಾಡಿಕೋ. ನನಗಿನ್ನೂ ನಲವತ್ತು ತುಂಬಿರಲಿಲ್ಲ. ಇಲ್ಲಿಂದ ಹೋಗುವ ನಾವು ಬೇಸಿಗೆ ರಜೆಯಲ್ಲಿ ಊರಿನಲ್ಲಿ ಮುಗಿಸಿಕೊಂಡು ಬರುವ ಕೆಲಸಗಳಿರುತ್ತವೆ. ಹಲ್ಲು, ಕನ್ನಡಕ, ರವಿಕೆ. ಆ ಸಲ ಅದಕ್ಕೆ ನನ್ನ ಗರ್ಭಕೋಶವೂ ಸೇರಿತು. ಗೆಡ್ಡೆಯಿತ್ತು, ರಕ್ತ ಹೋಗುತ್ತಿತ್ತು, ಮಾತ್ರೆಯಲ್ಲಿ ಕಡಿಮೆಯಾಗುತ್ತಲೂ ಇತ್ತು. ನಿನ್ನ ಅಮ್ಮನಿಗೆ ಅದು ಸಾಲದಾಯಿತು. “ತಿಂಗಳಲ್ಲಿ ಹದಿನೈದು ದಿನ ಹೊರಗೆ ಕೂತ್ರೆ ದೇವರ ಮನೆ ಯಾರು ನೋಡ್ಕೋಬೇಕಮ್ಮ? ತೆಗೆಸ್ಬಿಡು, ಪೀಡೆ ಕಳೀತು” ಅಂದರು. ಮದುವೆಯ ಚಪ್ಪರ ಬಿಚ್ಚಿದ ವಾರವೇ ಮೈಸೂರಿನ ಆ ನರ್ಸಿಂಗ್ ಹೋಮಿನಲ್ಲಿ ಮಲಗಿದೆ. ಕಾರಿಡಾರಿನಲ್ಲಿ ಡಾಕ್ಟರು ನಿನ್ನ ಅಣ್ಣನ ಹೆಗಲ ಮೇಲೆ ಕೈಯಿಟ್ಟು ಮಾತಾಡಿದ್ದು ಬಾಗಿಲ ಸಂದಿಯಿಂದ ಕೇಳಿಸಿತು: “ಅಂಡಾಶಯಾನೂ ತೆಗೆದ್ಬಿಡೋಣ ಸಾರ್. ಮಗಳು ದೊಡ್ಡವಳಾದ್ಲು, ಇನ್ನೇನ್ ಕೆಲಸ ಅವಕ್ಕೆ? ಮುಂದೆ ಕ್ಯಾನ್ಸರು ಗಿನ್ಸರು ಅಂತ ತಲೆನೋವು ಬೇಡ.” ಸಹಿ ಹಾಕಿದವರು ಯಾರೆಂದು ಬರೆಯಬೇಕಾಗಿಲ್ಲ. ಎಚ್ಚರವಾದಾಗ ನರ್ಸು ಸಂತೋಷದಿಂದ ಹೇಳಿದಳು, “ಎಲ್ಲಾ ಕ್ಲೀನ್ ಮಾಡಿದಾರೆ ಅಕ್ಕಾ.” ನೀನು ಮೆಹಂದಿಯ ಕೈಯಲ್ಲಿ ನನಗೆ ಎಳನೀರು ಕುಡಿಸಿದೆ. ನಿನ್ನ ಮೇಲೆ ನನಗೆ ಕೋಪವಿಲ್ಲ. ಆ ಎಳನೀರು ಚೆನ್ನಾಗಿತ್ತು.

ವಾಪಸು ಬರುವ ವಿಮಾನದಲ್ಲಿ ಮೈ ಹೊತ್ತಿಕೊಂಡಿತು. ಆಮೇಲಿನ ವರ್ಷಗಳನ್ನು ನೀನು ಹೊರಗಿನಿಂದ ನೋಡಿದ್ದೀ. ಅನ್ನ ಬಿಟ್ಟರೂ ಹೊಟ್ಟೆ ಬೆಳೆಯಿತು. ಸಕ್ಕರೆ ಕಾಯಿಲೆ ಬಂತು. ನಿನ್ನ ಗೃಹಪ್ರವೇಶದಲ್ಲಿ ಯಾರೋ ನನಗೆ ಇದು ಎರಡನೆಯದಾ ಎಂದು ಕೇಳಿದರು; ನೀನು ನಕ್ಕು ಮಾತು ತಿರುಗಿಸಿದೆ.

ಈಗ ಲಿವರಿನ ಡಾಕ್ಟರು ಬಿಡಿಸಿ ಹೇಳಿದ್ದಾರೆ. ಅಂಡಾಶಯದಲ್ಲಿ ಹುಟ್ಟುವ ಈಸ್ಟ್ರೊಜೆನ್ ಮಕ್ಕಳನ್ನು ಹೆರಲು ಮಾತ್ರ ಇರುವುದಲ್ಲವಂತೆ. ಅದಿರುವಷ್ಟು ದಿನ ಹೆಂಗಸಿನ ಲಿವರಿಗೆ ಒಂದು ಕಾವಲು. ಮುಟ್ಟು ತಾನಾಗಿ ನಿಂತವರಲ್ಲೂ ಕಾವಲು ಸಡಿಲುತ್ತದೆ. ನನ್ನಂಥವರಲ್ಲಿ ಒಂದೇ ಮಧ್ಯಾಹ್ನ ಎದ್ದುಹೋಗುತ್ತದೆ. ಕೊಬ್ಬು ತೊಡೆ ಬಿಟ್ಟು ಹೊಟ್ಟೆಗೆ ಬರುತ್ತದೆ, ಲಿವರಿನೊಳಗೆ ಕೂರುತ್ತದೆ, ಲಿವರು ಉರಿಯುತ್ತದೆ, ಗಾಯವಾಗುತ್ತದೆ, ಗಾಯ ಗಟ್ಟಿಯಾಗಿ ಕಲ್ಲಾಗುತ್ತದೆ. ಎಲ್ಲರಿಗೂ ಹೀಗೇ ಆಗಬೇಕೆಂದಿಲ್ಲ, ನನಗೆ ಆಯಿತು. ತೆಗೆದಾಗ ಬದಲಿಗೆ ಹಾರ್ಮೋನಿನ ಮಾತ್ರೆ ಯಾಕೆ ಕೊಡಲಿಲ್ಲ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಲಿವರಿಗೆ ನೋವು ತಿಳಿಯುವುದಿಲ್ಲವಂತೆ, ಅದರ ಮೇಲಿನ ಪೊರೆಗೆ ಮಾತ್ರ. ಹಾಗಾಗಿ ಹತ್ತು ವರ್ಷ ಏನೂ ಆಗುತ್ತಿಲ್ಲ ಎಂದುಕೊಂಡು ಬದುಕಿದೆ.

ಇನ್ನು ನಿನಗೆ ಗೊತ್ತಿಲ್ಲದ್ದು.

ಮೊದಲ ರಕ್ತಪರೀಕ್ಷೆ ಕೆಟ್ಟದಾಗಿ ಬಂದಾಗ ಫೋನಿನಲ್ಲಿ ಅದನ್ನು ನನಗಿಂತ ಮೊದಲು ಓದಿದವರು ನಿನ್ನ ಅಣ್ಣ. ನಮ್ಮ ಮನೆಗಳಲ್ಲಿ ಲಿವರ್ ಹಾಳಾಗುವುದಕ್ಕೆ ಒಂದೇ ಕಾರಣ, ಕುಡಿತ. ನಿಮ್ಮ ಚಿಕ್ಕಪ್ಪ ಹೇಗೆ ಸತ್ತರು ಎಂಬುದು ನಿಮ್ಮ ಮನೆಯಲ್ಲಿ ಬಾಯಿಬಿಟ್ಟು ಹೇಳುವ ಮಾತಲ್ಲ. ನಿನ್ನ ಅಣ್ಣ ಆಫೀಸಿನಿಂದ ಬಂದು, ಶೂ ಬಿಚ್ಚುವ ಮೊದಲು, ಒಲೆಯ ಮುಂದೆ ನಿಂತವಳ ಹತ್ತಿರ ಬಂದು “ಬಾಯಿ ಬಿಡು” ಅನ್ನತೊಡಗಿದರು. ನಾನು ಬಿಡುತ್ತಿದ್ದೆ. ಅವರು ಮೂಸುತ್ತಿದ್ದರು. ಅಲ್ಲಿರುತ್ತಿದ್ದುದು ಲಿವರಿನದೇ ವಾಸನೆ, ಅದಕ್ಕೂ ಒಂದು ವಾಸನೆಯಿದೆ, ಹಳಸಿದ ಹಣ್ಣಿನಂಥದ್ದು. ಅವರಿಗೆ ಅದೇ ಸಾಕ್ಷಿಯಾಯಿತು. ಏಟು ಬಾಯಿಗೇ ಬೀಳುತ್ತಿತ್ತು. ಅಂಗೈಯಲ್ಲಿ ಹೊಡೆದರೆ ಸದ್ದು ಜಾಸ್ತಿ, ಹಿಂಗೈಯಲ್ಲಿ ಹೊಡೆದರೆ ಉಂಗುರ ತಾಗುತ್ತದೆ. ನನಗೆ ಸದ್ದು ವಾಸಿ ಅನ್ನಿಸುತ್ತಿತ್ತು.

“ಎಲ್ಲಿಟ್ಟಿದೀಯಾ?” ಎಂದು ಅಕ್ಕಿ ಡಬ್ಬ ಸುರಿದರು. ವಾಷಿಂಗ್ ಮೆಷೀನಿನ ಹಿಂದೆ ಹುಡುಕಿದರು. ನನ್ನ ಸೀರೆಗಳ ನಡುವೆ ಕೈ ಹಾಕಿದರು. ಇಲ್ಲದ ವಸ್ತುವನ್ನು ಅಷ್ಟು ಶ್ರದ್ಧೆಯಿಂದ ಹುಡುಕಿದ ಬೇರೊಬ್ಬ ಮನುಷ್ಯನನ್ನು ನಾನು ನೋಡಿಲ್ಲ. ಶನಿವಾರ ಅವರ ಗೆಳೆಯರು ಬಂದಾಗ ಗ್ಲಾಸು ಒರೆಸಿ ಇಡುತ್ತಿದ್ದವಳು ನಾನೇ. ಅವರದು ಕುಡಿತವಲ್ಲ, ಸೋಷಿಯಲ್ಲು.

ಹೋದ ಜೂನಿನಲ್ಲಿ ನಿಹಾರಿಕಾಳ ಹುಟ್ಟುಹಬ್ಬಕ್ಕೆ ಮೊಟ್ಟೆ ಹಾಕದ ಕೇಕು ಮಾಡುತ್ತಿದ್ದೆ. ವೆನಿಲ್ಲಾ ಎಸೆನ್ಸಿನ ಬಾಟಲಿ ಕಟ್ಟೆಯ ಮೇಲಿತ್ತು. ಮಗಳು ಬರ್ಕ್ಲಿಯಿಂದ ಸಂಜೆಗೆ ಬರುವವಳಿದ್ದಳು. ಅವರು ಬಾಟಲಿ ತೆಗೆದುಕೊಂಡು, ಕನ್ನಡಕ ಮೇಲೆತ್ತಿ, ಸಣ್ಣ ಅಕ್ಷರ ಓದಿದರು. ಆಲ್ಕೋಹಾಲ್, ಮೂವತ್ತೈದು ಪರ್ಸೆಂಟ್. ಆ ಮುಖದಲ್ಲಿ ಬಂದ ಸಂತೋಷವನ್ನು ಹೇಗೆ ಹೇಳಲಿ? ಕಳೆದುಹೋದ ಮಗು ಸಿಕ್ಕ ಹಾಗೆ. “ಸಿಕ್ತಲ್ಲ! ಇದಾ ನಿನ್ನ ಸ್ಟಾಕು? ಕೇಕಂತೆ ಕೇಕು! ಕುಡಿ, ನನ್ ಮುಂದೇನೇ ಕುಡಿ, ನೋಡೋಣ” ಎಂದರು. ಜಡೆ ಹಿಡಿದು ತಲೆಯನ್ನು ಸಿಂಕಿನ ಮೇಲೆ ಹಿಂದಕ್ಕೆ ಬಗ್ಗಿಸಿದರು. ಕೆನ್ನೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ದವಡೆ ತಾನಾಗಿ ಬಿಡುತ್ತದೆ. ಎಳೆಯ ಮಗುವಿಗೆ ಔಷಧಿ ಹಾಕುವಾಗ ನಾವು ಮಾಡುವುದು ಹಾಗೆಯೇ. ಬಾಟಲಿಯ ಬಾಯಿ ಮುಂದಿನ ಹಲ್ಲಿಗೆ ಬಡಿಯಿತು. ಹಲ್ಲಿನ ಚೂರು, ರಕ್ತ, ವೆನಿಲ್ಲಾ ಎಲ್ಲವೂ ಒಟ್ಟಿಗೆ ಗಂಟಲಿಗಿಳಿದವು. ಮೆಟ್ಟಿಲಲ್ಲಿ ಎಡವಿ ಬಿದ್ದು ಹಲ್ಲು ಮುರಿಯಿತೆಂದು ನಿನಗೆ ಹೇಳಿದ್ದೆ.

ಒಲೆಯ ಮೇಲೆ ದೋಸೆ ಕಾವಲಿಯಿತ್ತು, ಕಬ್ಬಿಣದ್ದು, ನಿನ್ನ ಅಮ್ಮ ಕೊಟ್ಟದ್ದು. ಕೈಗೆ ಸಿಕ್ಕಿತು. ಮೊದಲ ಏಟು ಅವರ ಮಣಿಕಟ್ಟಿಗೆ ಬಿತ್ತು, ಅವರು ಜಡೆ ಬಿಟ್ಟರು. ಎರಡನೆಯ ಏಟು ಬೇಕಿರಲಿಲ್ಲ. ಅದೇ ಜಾಗಕ್ಕೆ ಗುರಿಯಿಟ್ಟು ಹಾಕಿದೆ. ಒಳಗೆ ಏನೋ ಮುರಿದದ್ದು ಕಾವಲಿಯ ಹಿಡಿಯಲ್ಲಿ ನನ್ನ ಕೈಗೆ ತಿಳಿಯಿತು. ಮೊದಲನೆಯದು ಬಿಡಿಸಿಕೊಳ್ಳಲಿಕ್ಕೆ. ಎರಡನೆಯದು ನನಗಾಗಿ. ಅದನ್ನು ಬಚ್ಚಿಡುವುದಿಲ್ಲ.

ಪಕ್ಕದ ಮನೆಯವರು ಪೊಲೀಸರನ್ನು ಕರೆದಿದ್ದರು. ಬಂದವರ ಮೂಗಿಗೆ ನನ್ನ ಬಾಯಿಯ ವಾಸನೆ ಬಡಿಯಿತು, ಕಣ್ಣಿಗೆ ನಿನ್ನ ಅಣ್ಣನ ಜೋತುಬಿದ್ದ ಕೈ ಕಂಡಿತು. ನನ್ನ ನಾಲಗೆ ಊದಿಕೊಂಡು ಮಾತು ತೊದಲುತ್ತಿತ್ತು. ಅವರು ಬಹಳ ಮೆತ್ತಗೆ ಹೇಳಿದರು, “ಪ್ಲೀಸ್ ಬಿ ಜೆಂಟಲ್ ವಿತ್ ಹರ್, ಆಫೀಸರ್. ಶಿ ಹ್ಯಾಸ್ ಎ ಪ್ರಾಬ್ಲಮ್.” ಬೇಡಿ ತೊಡಿಸಿದ್ದು ನನಗೆ. ಕಾರಿನ ಹಿಂದಿನ ಸೀಟಿನಲ್ಲಿ ಕೂತಾಗ, ಓವೆನ್ನಿನಲ್ಲಿದ್ದ ಕೇಕು ಸೀಯುತ್ತದಲ್ಲ ಎಂಬ ಯೋಚನೆ ಬಂತು. ಮರುದಿನ ನಿಹಾರಿಕಾ ಬಿಡಿಸಿಕೊಂಡು ಬಂದು ತನ್ನ ಮನೆಗೆ ಕರೆದೊಯ್ದಳು. ಅವರು ಕೇಸು ಬೇಡವೆಂದರು. ನೀನು ಎಲ್ಲರಿಗೂ ಹೇಳಿದೆ: “ಅತ್ತಿಗೆ ಒಂಚೂರು ತಗೊಂಡಿದ್ರಂತೆ. ಅಣ್ಣ ದೊಡ್ಡ ಮನಸ್ಸು ಮಾಡಿದ.” ನಾನು ತಿದ್ದಲಿಲ್ಲ. ಕುಡುಕಿ ಎನ್ನಿಸಿಕೊಳ್ಳುವುದಕ್ಕಿಂತ, ದಿನಾ ಸಂಜೆ ಬಾಯಿ ತೆರೆದು ನಿಲ್ಲುತ್ತಿದ್ದೆ ಎಂದು ಹೇಳುವುದು ಹೆಚ್ಚು ನಾಚಿಕೆಯದಾಗಿತ್ತು.

ಗೌರಿ ಹಬ್ಬದ ದಿನ ನಿನಗೆ ಬಾಗಿನ ಕೊಡಲು ಹೊರಟೆ. ನಿಮ್ಮಮ್ಮ ಇಲ್ಲದ ಮೇಲೆ ತವರಿನ ಬಾಗಿನ ನನ್ನಿಂದಲೇ ಬರಬೇಕಲ್ಲ. ಡೈವೋರ್ಸಿನ ಅರ್ಜಿ ಹಾಕಿದವಳು ಕೊಡಬಹುದೇ ಎಂದು ಯಾರನ್ನೂ ಕೇಳಲಿಲ್ಲ. ರೈಲಿನಲ್ಲಿ, ಸುರಂಗ ದಾಟುವಾಗ, ಹೊಟ್ಟೆ ತೊಳೆಸಿತು. ತೊಡೆಯ ಮೇಲೆ ಮೊರವಿತ್ತು, ಅದರ ಮೇಲೆಯೇ ಕಾರಿಕೊಂಡೆ. ಅಕ್ಕಿ, ಬೇಳೆ, ಬಳೆ, ರವಿಕೆ ಕಣ, ಎಲ್ಲದರ ಮೇಲೆ ರಕ್ತ. ಎಷ್ಟಿತ್ತೆಂದರೆ ಎದುರು ಕೂತ ಹುಡುಗಿ ಕಾಲು ಮೇಲೆತ್ತಿಕೊಂಡಳು. ಲಿವರು ಕಲ್ಲಾದರೆ ರಕ್ತಕ್ಕೆ ದಾರಿಯಿಲ್ಲದೆ ಅನ್ನನಾಳದಲ್ಲಿ ನರ ಉಬ್ಬಿ ಒಡೆಯುತ್ತದಂತೆ. ನೀನು ಪ್ಲಾಟ್‌ಫಾರ್ಮಿನಲ್ಲಿ ರೇಷ್ಮೆ ಸೀರೆಯುಟ್ಟು ನಿಂತಿದ್ದೆ. “ಅಯ್ಯೋ, ಕುಡಿಯೋದು ನಿಲ್ಸಿ ಅಂತ ಎಷ್ಟ್ ಬೇಡ್ಕೊಂಡೆ ಅತ್ತಿಗೆ” ಎಂದು ಕಿರುಚಿದೆ. ಅದು ನನಗೆ ಕೇಳಿಸಿತು.

ಆಸ್ಪತ್ರೆಯಲ್ಲಿ ರಕ್ತ ನೋಡಿದರು. ಕೆಲವು ವಾರಗಳ ಹಿಂದಿನ ಕುಡಿತವನ್ನೂ ಹೇಳುವ ಪರೀಕ್ಷೆಯೊಂದಿದೆ. ಮತ್ತೆ ಮತ್ತೆ ಮಾಡಿದರು. ನನ್ನಲ್ಲಿ ಏನೂ ಸಿಗಲಿಲ್ಲ. ಆಗ ಮೊದಲ ಬಾರಿಗೆ ಒಬ್ಬರು ಬೇರೆ ಪ್ರಶ್ನೆ ಕೇಳಿದರು: ನಿಮ್ಮ ಮುಟ್ಟು ಯಾವಾಗ ನಿಂತಿತು? ನಿಹಾರಿಕಾ ಆ ರಿಪೋರ್ಟನ್ನು ಅಪ್ಪನಿಗೆ ಕಳಿಸಿದಳು. “ಲ್ಯಾಬಿನವರೂ ಮನುಷ್ಯರೇ ತಾನೇ” ಎಂಬ ಉತ್ತರ ಬಂತು.

ಲಿವರು ಕೊಡುತ್ತೇನೆಂದು ಮೊದಲು ಹೊರಟವಳು ನಿಹಾರಿಕಾ. ಅವಳದು ನನ್ನದಕ್ಕೆ ತಿರುಗುಮುರುಗು. ನನಗೆ ಅಂಡಾಶಯವಿಲ್ಲ, ಅವಳಿಗಿದೆ, ಆದರೆ ನೀರುಗುಳ್ಳೆ ತುಂಬಿಕೊಂಡು ಗಂಡಸರ ಹಾರ್ಮೋನನ್ನು ಬೇಕಾದ್ದಕ್ಕಿಂತ ಹೆಚ್ಚು ಸುರಿಸುತ್ತದೆ. ಮುಟ್ಟು ತಪ್ಪುತ್ತದೆ, ಗಲ್ಲದಲ್ಲಿ ಕೂದಲು. ಹೈಸ್ಕೂಲಿನಲ್ಲಿದ್ದಾಗ ಊಟದ ಮೇಜಿನಲ್ಲಿ ಅವರು “ಎಲ್ಲಿ, ಒಂದ್ಸಲ ಮೀಸೆ ತಿರುವು” ಎಂದು ನಗುತ್ತಿದ್ದರು. ಅವಳು ಅರ್ಥವಾಗದವಳ ಹಾಗೆ ಇಂಗ್ಲಿಷಿನಲ್ಲಿ ಉಪ್ಪು ಕೇಳುತ್ತಿದ್ದಳು. ಸ್ಕ್ಯಾನಿನಲ್ಲಿ ಅವಳ ಲಿವರಿನಲ್ಲೂ ಕೊಬ್ಬು. ಕೊಡುವ ಹಾಗಿಲ್ಲ ಎಂದರು. ಈಗಲೇ ನೋಡಿಕೊಂಡರೆ ಅವಳದು ಸರಿಹೋಗುತ್ತದೆ ಎಂದೂ ಹೇಳಿದರು. ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಅವಳು ಸ್ಟೇರಿಂಗಿಗೆ ತಲೆ ಬಡಿದುಕೊಂಡಳು, ಹಾರ್ನು ಕೂಗಿತು, ಮತ್ತೆ ಬಡಿದುಕೊಂಡಳು. “ಐ ಕಾಂಟ್ ಈವನ್ ಗಿವ್ ಯು ದಿಸ್, ಅಮ್ಮಾ.” ಅವಳ ಹಣೆಗೂ ಸ್ಟೇರಿಂಗಿಗೂ ನಡುವೆ ಕೈಯಿಟ್ಟೆ. ಆ ಊತ ಇನ್ನೂ ಇದೆ. ನನ್ನ ಮೈಯಲ್ಲಿ ಏನೂ ಬೇಗ ಮಾಯುವುದಿಲ್ಲ.

ಆಮೇಲೆ ನಿನ್ನ ಅಣ್ಣ ಬಂದರು. ರಕ್ತದ ಗುಂಪು ಹೊಂದಿತು. ಎಲ್ಲ ಪರೀಕ್ಷೆಯೂ ಸರಿಬಂತು. “ಇಪ್ಪತ್ತು ವರ್ಷದ ಹುಡುಗನ್ ಥರ ಇದೆಯಂತೆ ಕಣೇ ನನ್ ಲಿವರು” ಎಂದು ಫೋನಿನಲ್ಲಿ ಹೇಳಿದರು. ನಿಜವೇ ಇರಬೇಕು. ದೇಹಕ್ಕೆ ನ್ಯಾಯ ಗೊತ್ತಿಲ್ಲ, ಅದರ ಕೆಲಸವೂ ಅದಲ್ಲ. ಅವರು ಪ್ರೀತಿಯಿಂದ ಕೊಡುತ್ತಿಲ್ಲ ಎಂದು ಹೇಳಲಾರೆ. ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿರಲಿಲ್ಲ. ಜಡೆ ಹಿಡಿದ ಕೈಯಲ್ಲೂ ಅದು ಇತ್ತೆಂದು ಅವರು ಕೋರ್ಟಿನಲ್ಲಿ ಪ್ರಮಾಣ ಮಾಡಬಲ್ಲರು.

ಆಸ್ಪತ್ರೆಯ ಸೋಷಿಯಲ್ ವರ್ಕರ್ ನನ್ನನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಿದಳು. ಕೊಡುವವರಿಗೆ ನೀವು ಬದಲಿಗೆ ಏನಾದರೂ ಕೊಡುವುದಾಗಿ ಒಪ್ಪಿದ್ದೀರಾ? ಇಲ್ಲವೆಂದೆ. ಅವರನ್ನು ಕಂಡರೆ ನಿಮಗೆ ಭಯವೇ? ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷವಾಯಿತು ಎಂದೆ. ಅದನ್ನೇ ಉತ್ತರವೆಂದು ಬರೆದುಕೊಂಡಳು.

ಸರ್ಜನ್ನು ಒಂದು ಹಾಳೆಯಲ್ಲಿ ಚಿತ್ರ ಬರೆದು ತೋರಿಸಿದರು. ನಿನ್ನ ಅಣ್ಣನಿಗೆ ಎದೆಗೂಡಿನ ಕೆಳಗಿನಿಂದ ಇಲ್ಲಿಯವರೆಗೆ ಕೊಯ್ಯುತ್ತೇವೆ ಎಂದು ಪೆನ್ನಿನಲ್ಲಿ ಗೆರೆ ಎಳೆದರು. ಭಾವನಾ, ಆ ಗೆರೆಯನ್ನು ನಾನು ಅವತ್ತಿನಿಂದ ಎಳೆಯುತ್ತಲೇ ಇದ್ದೇನೆ. ಸೋರೆಕಾಯಿ ಹೆಚ್ಚುವಾಗ, ಹಗಲು ಹೊತ್ತಿನಲ್ಲಿ, ಕಿಟಕಿಯ ಬಿಸಿಲಲ್ಲಿ ಕೂತು. ಚರ್ಮ, ಕೊಬ್ಬು, ಸ್ನಾಯು, ಆಮೇಲೆ ಬಿಸಿಯಾದ ಒಳಗು. ಅವರಿಗೆ ಎಚ್ಚರವಾದಾಗ ಒಂದು ಭಾಗ ಇರುವುದಿಲ್ಲ, ಎಲ್ಲಾ ಕ್ಲೀನ್ ಮಾಡಿದ್ದಾರೆ ಎಂದು ಯಾರಾದರೂ ಹೇಳುತ್ತಾರೆ. ಬದುಕಬೇಕೆಂಬ ಆಸೆಗೂ ಅವರನ್ನು ಕೊಯ್ಯಿಸಬೇಕೆಂಬ ಆಸೆಗೂ ನಡುವೆ ಎಲ್ಲಿ ಗೆರೆ ಎಂದು ಹುಡುಕಿದೆ. ಸಿಗಲಿಲ್ಲ. ಎರಡೂ ಒಂದೇ ರಕ್ತನಾಳದಲ್ಲಿ ಹರಿಯುತ್ತಿವೆ.

ಈಗ ಹೂಂ ವಿಷಯ. ಅದನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ. ಸ್ಯಾನ್ ಮಟಿಯೋಗೆ ನಾನು ಬರುವುದಿಲ್ಲ. ಅರ್ಜಿ ಹಿಂದಕ್ಕೆ ಪಡೆಯುವುದಿಲ್ಲ. ಅವರ ಲಿವರಿನ ಬಲಭಾಗವನ್ನು ಇಟ್ಟುಕೊಂಡರೂ ಅಷ್ಟೆ, ಇಟ್ಟುಕೊಳ್ಳದಿದ್ದರೂ ಅಷ್ಟೆ. ಮೈಸೂರಿನಲ್ಲಿ ನನ್ನೊಳಗಿಂದ ತೆಗೆಸಿದ್ದಕ್ಕೆ ಇದು ಪರಿಹಾರ ಎಂದು ನಾನು ಹೇಳುತ್ತಿಲ್ಲ, ಅಂಥ ತಕ್ಕಡಿ ಎಲ್ಲೂ ಇಲ್ಲ. ಕೊಟ್ಟರೆ ಬದುಕುತ್ತೇನೆ. ಬೇರೆ ಕಡೆ ಬದುಕುತ್ತೇನೆ.

ಈ ಪತ್ರವನ್ನು ಗುರುವಾರಕ್ಕೆ ಮೊದಲು ಅವರಿಗೆ ಓದಿ ಹೇಳು. ಅರಿವಳಿಕೆ ಕೊಡುವ ನಿಮಿಷದವರೆಗೂ ಅವರು ಬೇಡವೆನ್ನಬಹುದು. ಹಾಗೆಂದರೆ ಆಸ್ಪತ್ರೆಯವರು ನಮಗೆಲ್ಲ ರಕ್ತನಾಳ ಹೊಂದಲಿಲ್ಲ ಎಂದೋ ಏನೋ ಹೇಳಿ ಅವರ ಮರ್ಯಾದೆ ಉಳಿಸುತ್ತಾರೆ. ಅದು ಇಲ್ಲಿಯ ಪದ್ಧತಿ. ನಾನೂ ಅದನ್ನೇ ನಂಬಿದವಳ ಹಾಗೆ ಇರುತ್ತೇನೆ. ಮೋಸದಿಂದ ಪಡೆದದ್ದನ್ನು ಒಳಗಿಟ್ಟುಕೊಂಡು ಉಣ್ಣುವುದು, ಮಲಗುವುದು ನನ್ನಿಂದ ಆಗುವುದಿಲ್ಲ ಅನ್ನಿಸಿದ್ದರಿಂದ ಇಷ್ಟು ಬರೆದೆ.

ನಿನ್ನ ಸಾರಿನಲ್ಲಿ ಇಂಗು ಸರಿಯಾಗಿತ್ತು.

ಇಂತಿ,
ನಿನ್ನ ಅತ್ತಿಗೆ
ಜಲಜಾ

ಮರೆತ ಮಾತು, ೨೭ ಮಾರ್ಚ್:

ಇದನ್ನು ಬರೆದ ಮರುದಿನ, ಸೋಮವಾರ, ಅಂಚೆಪೆಟ್ಟಿಗೆಯವರೆಗೂ ಹೋಗಿದ್ದೆ. ಲಕೋಟೆಯನ್ನು ಅರ್ಧ ಒಳಗೆ ತಳ್ಳಿ, ಹಿಂದಕ್ಕೆ ಎಳೆದುಕೊಂಡೆ. ಗುರುವಾರ ಬೆಳಿಗ್ಗೆ ಇಬ್ಬರನ್ನೂ ಪರದೆಯ ಆಚೆ ಈಚೆ ಮಲಗಿಸಿದ್ದರು. ನಿನ್ನ ಅಣ್ಣ ಪರದೆ ಸರಿಸಿ, “ಮನೆಗೆ ಬಂದ್ಮೇಲೆ ಅಡಿಗೆಗೆ ಜನ ಇಡೋಣ, ನೀನೇನೂ ಮಾಡ್ಬೇಡ” ಅಂದರು. ಅವರ ಕಣ್ಣಿನಲ್ಲಿ ನೀರಿತ್ತು. ಈ ಸಲ ನನ್ನ ಬಾಯಿಯಲ್ಲಿ ಏನೂ ಇರಲಿಲ್ಲ. ಹೂಂ ಅಂದೆ. ಅವರನ್ನು ಮೊದಲು ಒಳಗೆ ತಳ್ಳಿಕೊಂಡು ಹೋದರು.

ಇವತ್ತು ಅಂಚೆಗೆ ಹಾಕುತ್ತಿದ್ದೇನೆ. ಓದಿ ಹೇಳು. ಅವರದು ಬಹುಪಾಲು ಮತ್ತೆ ಬೆಳೆದಿದೆ ಎಂದು ಡಾಕ್ಟರು ಹೇಳಿದರು. ನನ್ನದೂ ಬೆಳೆಯುತ್ತಿದೆ. ಹಸಿವಾಗುತ್ತದೆ, ಚೆನ್ನಾಗಿ ಉಣ್ಣುತ್ತೇನೆ, ಮಲಗುತ್ತೇನೆ.